ಘಾಟಿ ಹತ್ತುವ ಮೊದಲೇ ಪೆಟ್ರೋಲ್ ಹಾಕಿಸಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಅವ್ವನ ಕಣ್ಣಿನ ಆಪರೇಷನ್‌ಗೆಂದು ಮಂಗಳೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಸುಳ್ಯದಲ್ಲಿ ಕಾರಿನ ಮೀಟರ್ ನೋಡಿದೆ. ಇರುವ ಪೆಟ್ರೋಲಿಗೆ ಇನ್ನೂ 80 ಕಿ.ಮೀ. ಓಡುತ್ತದೆ ಎಂದು ತೋರಿಸುತ್ತಿತ್ತು. ಮಡಿಕೇರಿಗೆ ಸುಮಾರು 50 ಕಿ.ಮೀ., ಸಾಕಲ್ವಾ ಅಂದುಕೊಂಡು ಬಂಕ್ ದಾಟಿ ಬಂದೆ. ಸಂಪಾಜೆಯಲ್ಲಿ 55 ಇತ್ತು. ಜೋಡುಪಾಲದಲ್ಲಿ 24. ಮದೆನಾಡಿನ ಹತ್ತಿರ ಅಂಕಿ ಹೋಗಿ ಬರೀ ಗೀಟು ಉಳಿಯಿತು. ಆಮೇಲೆ ಒಂದು ಏರಿನಲ್ಲಿ ಕಾರು ನಿಂತೇ ಹೋಯಿತು. ಜಡಿಮಳೆ, ಎದುರಿಗೆ ಏನೂ ಕಾಣದಷ್ಟು ಮಂಜು. ಪಕ್ಕದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ 76 ವರ್ಷದ ಅವ್ವ. ಪುಣ್ಯಾತ್ಮರೊಬ್ಬರು ಜೀಪಿನಲ್ಲಿ ಹೋಗಿ ಮಡಿಕೇರಿಯಿಂದ ಪೆಟ್ರೋಲ್ ತರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಮೀಟರ್ ಕೆಟ್ಟಿದೆ ಎಂದೇ ಮೆಕ್ಯಾನಿಕ್ ಹತ್ತಿರ ಹೋದೆ. ಕೆಟ್ಟಿರಲಿಲ್ಲ. ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಎಷ್ಟು ಪೆಟ್ರೋಲ್ ಇದೆ ಎಂದು ತಿಳಿಸುತ್ತದೆ. ಕಾರು ಈಚೆಗೆ ಲೀಟರಿಗೆ ಎಷ್ಟು ಓಡಿದೆಯೋ ಆ ಲೆಕ್ಕದಿಂದ ಅದನ್ನು ಗುಣಿಸಿದರೆ ಮೀಟರಿನ ಅಂಕಿ ಬರುತ್ತದೆ. ನಾನು ಬಂದದ್ದು ಕೆಳಗಿನ ಸಪಾಟು ರಸ್ತೆಯಲ್ಲಿ, ಲೀಟರಿಗೆ 18 ಸಿಕ್ಕಿತ್ತು. ನಾಲ್ಕೂವರೆ ಲೀಟರ್ ಇದ್ದರೆ 80 ಆಯಿತಲ್ಲ. ಆದರೆ ಮಡಿಕೇರಿ ಇರುವುದು ಸಮುದ್ರ ಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿ. ಎರಡನೇ ಗೇರಿನಲ್ಲಿ ಏರುವಾಗ ಲೀಟರಿಗೆ 9 ಸಿಕ್ಕರೆ ಹೆಚ್ಚು. ಮುಂದೆ ಘಾಟಿ ಇದೆ ಎಂದು ನನ್ನ ಕಾರಿನ ಮೀಟರಿಗೆ ಹೇಗೆ ಗೊತ್ತಾಗಬೇಕು? ಅದು ಬಂದ ದಾರಿಯ ಲೆಕ್ಕ ಮಾತ್ರ ಹೇಳುತ್ತದೆ. ಏರಿಳಿತದಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿಯುವುದರಿಂದ ಫ್ಲೋಟಿನ ಲೆಕ್ಕವೂ ಆಚೀಚೆ ಆಗಬಹುದು.

ಮರುವಾರ ತಪಾಸಣೆಗೆ ಇಳಿದು ಹೋಗುವಾಗ ಇದಕ್ಕೆ ತದ್ವಿರುದ್ಧ. ಮಡಿಕೇರಿಯಲ್ಲಿ 190 ಇದ್ದದ್ದು ಸಂಪಾಜೆಯಲ್ಲಿ 215 ಆಗಿತ್ತು! ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಕಾರುಗಳು ಎಂಜಿನ್‌ಗೆ ಪೆಟ್ರೋಲ್ ಹೋಗುವುದನ್ನೇ ನಿಲ್ಲಿಸುತ್ತವೆ. ಆದ್ದರಿಂದ ಉಳಿತಾಯ ಅಂತ ಯಾರೂ ನ್ಯೂಟ್ರಲ್‌ನಲ್ಲಿ ಇಳಿಯಬೇಡಿ. ಎಂಜಿನ್ ಹಿಡಿತ ತಪ್ಪಿ, ಬ್ರೇಕ್ ಬಿಸಿಯಾಗಿ, ಹಿಡಿಯದೇ ಹೋಗಬಹುದು.

ಕಾರು ಕೊಡುವಾಗ ಶೋರೂಮಿನವರು ಬ್ಲೂಟೂತ್ ಜೋಡಿಸುವುದನ್ನು ಅರ್ಧ ಗಂಟೆ ಹೇಳಿಕೊಟ್ಟರು. ಇದನ್ನು ಒಂದು ಮಾತು ಹೇಳಲಿಲ್ಲ. ಬೆಟ್ಟದ ಊರಿನವರಿಗೆ ಕಾರು ಮಾರುವವರು ಇದನ್ನು ಹೇಳಲೇಬೇಕು.

ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟೇ. ಸಂಪಾಜೆಯಲ್ಲಿ, ಮಾಕುಟ್ಟ ರಸ್ತೆಯ ಎರಡೂ ತುದಿಯಲ್ಲಿ, ತಲಕಾವೇರಿ ದಾರಿಯಲ್ಲಿ 'ಮುಂದಿನ ಪೆಟ್ರೋಲ್ ಬಂಕ್ ಇಷ್ಟು ಕಿ.ಮೀ., ಘಾಟಿ ರಸ್ತೆ' ಎಂದು ಬೋರ್ಡ್ ಹಾಕಿಸಿ. ತುಲಾ ಸಂಕ್ರಮಣಕ್ಕೆ ಹೊರಗಿನಿಂದ ಎಷ್ಟೊಂದು ಜನ ಬರುತ್ತಾರೆ, ಅಷ್ಟರೊಳಗೆ ಆದರೆ ಒಳ್ಳೆಯದು. ಹೋಂಸ್ಟೇ ನಡೆಸುವವರೂ ಅತಿಥಿಗಳು ಹೊರಡುವಾಗ ಪೆಟ್ರೋಲ್ ಎಷ್ಟಿದೆ ಎಂದು ಒಮ್ಮೆ ಕೇಳಿ ಕಳಿಸಲಿ.

— ನಿವೃತ್ತ ಶಾಲಾ ಶಿಕ್ಷಕಿ, ಚೇರಂಬಾಣೆ