ಬಿಎಲ್‌ಒಗಳಿಗೆ ಕನಿಷ್ಠ ಮೂರು ವರ್ಷದ ಅವಧಿ ಇರಲಿ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಅಧಿಕಾರಿಗಳ ವರ್ಗಾವಣೆ ಪಟ್ಟಿ ಹೊರಬೀಳುತ್ತದೆ. ಸ್ವಂತ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿರುವವರನ್ನು, ಕಳೆದ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಜಿಲ್ಲೆಯಲ್ಲಿ ಕಳೆದವರನ್ನು ಚುನಾವಣೆಗೆ ನೇರ ಸಂಬಂಧಪಟ್ಟ ಹುದ್ದೆಯಲ್ಲಿ ಮುಂದುವರಿಸಬಾರದು ಎಂಬ ಚುನಾವಣಾ ಆಯೋಗದ ನಿಯಮ ಸರಿಯಾದದ್ದೇ. ಆದೇಶ ಹೊರಡಿಸುವ, ಬಂದೋಬಸ್ತ್ ನೋಡಿಕೊಳ್ಳುವ ಕೈಗಳು ಒಂದೇ ಊರಿನಲ್ಲಿ ಬೇರು ಬಿಡುವುದು ಒಳ್ಳೆಯದಲ್ಲ. ಆದರೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸುವ ಮತಗಟ್ಟೆ ಮಟ್ಟದ ಅಧಿಕಾರಿಯನ್ನು, ಅಂದರೆ ನಾವೆಲ್ಲ ಬಿಎಲ್‌ಒ ಎಂದು ಕರೆಯುವ ಶಿಕ್ಷಕರನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ, ಬೇಕೆಂದಾಗ ಬದಲಿಸುತ್ತ ಹೋಗುವುದರಿಂದ ನಮ್ಮ ಭಾಗದ ಬಡವರಿಗೆ ದೊಡ್ಡ ನಷ್ಟವಾಗುತ್ತಿದೆ. ಆ ಹೊಣೆಗೆ ಕನಿಷ್ಠ ಮೂರು ವರ್ಷದ ಅವಧಿ ನಿಗದಿಯಾಗಬೇಕೆಂಬುದು ನನ್ನ ಕೋರಿಕೆ.

ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದಾಗ ನಾನು ಆರು ವರ್ಷ ಬಿಎಲ್‌ಒ ಆಗಿ ದುಡಿದಿದ್ದೇನೆ. ದೀಪಾವಳಿ ಕಳೆಯಿತೆಂದರೆ ನಮ್ಮ ಕಡೆ ನೀರಾವರಿ ಇಲ್ಲದ ಊರುಗಳಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ, ಮುಂಬೈ ಕಡೆಗೆ ಗುಳೆ ಹೋಗುತ್ತಾರೆ. ಮತದಾರರ ಪಟ್ಟಿಯ ವಾರ್ಷಿಕ ಪರಿಷ್ಕರಣೆ ನಡೆಯುವುದೂ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯ ನಡುವೆಯೇ. ಮೊದಲ ವರ್ಷ ನಾನು ಹೋದ ಓಣಿಯೊಂದರಲ್ಲಿ ಸಾಲಾಗಿ ಮನೆಗಳಿಗೆ ಕೀಲಿ ಬಿದ್ದಿತ್ತು, ನಾಯಿ ಆಡು ಒಳನುಗ್ಗದಂತೆ ಬಾಗಿಲಿಗೆ ಜಾಲಿಮುಳ್ಳು ಒತ್ತಿದ್ದರು. ಊರು ಬಿಟ್ಟವರೆಂದು ಬರೆದುಕೊಳ್ಳಲು ಹೊರಟಿದ್ದ ನನ್ನನ್ನು ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ತಡೆದು, ‘ಮುಳ್ಳು ಹಚ್ಚಿ ಹೋಗ್ಯಾರಂದ್ರ ಹೊಳ್ಳಿ ಬರ್ತಾರ್ರಿ ಸರ’ ಎಂದರು. ಮನೆಯನ್ನೇ ಬಿಟ್ಟು ಹೋದವರಾದರೆ ಮುಳ್ಳು ಹಚ್ಚುವ ತಾಪತ್ರಯಕ್ಕೆ ಹೋಗುವುದಿಲ್ಲ. ಅಂದಿನಿಂದ ನನ್ನ ಪಟ್ಟಿಯ ಪ್ರತಿಯಲ್ಲಿ ಅಂಥವರ ಹೆಸರಿನ ಮುಂದೆ ಪೆನ್ಸಿಲ್‌ನಿಂದ ‘ಗು’ ಎಂದು ಬರೆದುಕೊಳ್ಳುತ್ತ ಬಂದೆ. ಯಾರು ಕಾರಹುಣ್ಣಿಮೆಯ ಹೊತ್ತಿಗೆ ಬಿತ್ತಲು ಬರುತ್ತಾರೆ, ಯಾರು ಜಾತ್ರೆಗಷ್ಟೇ ಬಂದು ಹೋಗುತ್ತಾರೆ, ಯಾವ ಮನೆಯ ಮಗಳು ಮದುವೆಯಾಗಿ ಸಿಂಧನೂರು ಸೇರಿದಳು ಎಂಬುದು ಕೈಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು. ಮೂರನೆಯ ವರ್ಷದಿಂದಲೇ ನಾನು ನೆಮ್ಮದಿಯಿಂದ ಸಹಿ ಹಾಕಿದ್ದು.

ಕಾನೂನು ಈ ಜನರ ಪರವಾಗಿಯೇ ಇದೆ. ತಾತ್ಕಾಲಿಕವಾಗಿ ಬೇರೆಡೆ ಹೋದ ಮಾತ್ರಕ್ಕೆ ಒಬ್ಬರು ತಮ್ಮ ಊರಿನ ಸಾಮಾನ್ಯ ನಿವಾಸಿಯಲ್ಲ ಎನ್ನುವಂತಿಲ್ಲ ಎಂದು 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ವಾಸವಿಲ್ಲವೆಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅವರ ಮಾತು ಕೇಳಬೇಕೆಂದು 22ನೇ ಸೆಕ್ಷನ್ ಹೇಳುತ್ತದೆ. ಆದರೆ ನೋಟಿಸು ಅಂಟುವುದು ಕೀಲಿ ಹಾಕಿದ ಅದೇ ಬಾಗಿಲಿಗೆ. ಅದನ್ನು ಓದಬೇಕಾದವರು ಆ ಹೊತ್ತಿಗೆ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿರುತ್ತಾರೆ. ಫೋನ್ ಮಾಡಿ ತಿಳಿಸಲು ಅವರ ನಂಬರ್ ಗೊತ್ತಿರುವ ಬಿಎಲ್‌ಒ ಇದ್ದರೆ ಮಾತ್ರ ಕಾನೂನಿನ ಆ ಮಾತಿಗೆ ಬೆಲೆ ಬರುತ್ತದೆ.

ನಾನು ಆ ಕೆಲಸ ಬಿಟ್ಟ ಮೇಲೆ ಎರಡು ವರ್ಷದಲ್ಲಿ ಆ ಮತಗಟ್ಟೆಗೆ ಮೂವರು ಬಂದು ಹೋದರು. ಒಬ್ಬರಿಗೆ ವರ್ಗವಾಯಿತು, ಇನ್ನೊಬ್ಬರನ್ನು ಬೇರೆ ಸಮೀಕ್ಷೆಗೆ ನಿಯೋಜಿಸಿದರು, ಮೂರನೆಯವರಿಗೆ ಪಕ್ಕದ ಊರೇ ಸರಿಯಾಗಿ ಗೊತ್ತಿರಲಿಲ್ಲ. ಅವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. 2023ರ ಮೇ 10ರಂದು ವಿಧಾನಸಭಾ ಚುನಾವಣೆಗೆಂದು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದ ಗಂಡ ಹೆಂಡತಿ ಇಬ್ಬರು ಗುರುತಿನ ಚೀಟಿ ಹಿಡಿದು ಮತಗಟ್ಟೆಯ ಮುಂದೆ ನಿಂತಿದ್ದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನನ್ನ ಹಳೆಯ ಪ್ರತಿಯಲ್ಲಿ ಆ ಎರಡೂ ಹೆಸರುಗಳ ಮುಂದೆ ‘ಗು’ ಇತ್ತು. ಎರಡು ದಿನದ ಕೂಲಿ ಕಳೆದುಕೊಂಡು, ಬಸ್ ಚಾರ್ಜು ಕೊಟ್ಟು ಬಂದವರಿಗೆ ನಾನು ಏನು ಸಮಾಧಾನ ಹೇಳಲಿ? ಗ್ರಾಮ ಪಂಚಾಯಿತಿ ಚುನಾವಣೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರವಾದ್ದರಿಂದ, ಇಲ್ಲಿ ಬಿಟ್ಟುಹೋದ ಹೆಸರು, ಬೆರಳೆಣಿಕೆಯ ಮತಗಳಿಂದ ಸೋಲು ಗೆಲುವು ತೀರ್ಮಾನವಾಗುವ ಅಲ್ಲಿಯೂ ಬಿಟ್ಟುಹೋಗುತ್ತದೆ.

ಒಬ್ಬರೇ ಬಹಳ ಕಾಲ ಇದ್ದರೆ ಊರಿನ ಪಕ್ಷ, ಜಾತಿ ರಾಜಕಾರಣದ ಒತ್ತಡಕ್ಕೆ ಸಿಲುಕುತ್ತಾರೆ ಎಂಬ ಆತಂಕ ಸುಳ್ಳಲ್ಲ. ಆ ಒತ್ತಡ ನನ್ನ ಮೇಲೂ ಬಂದಿತ್ತು. ಆದರೆ ಹೆಸರು ತೆಗೆಯುವ ಅಧಿಕಾರ ಬಿಎಲ್‌ಒಗೆ ಇಲ್ಲ; ಅವರು ವರದಿ ಕೊಡುತ್ತಾರೆ, ತೀರ್ಮಾನ ಮತದಾರರ ನೋಂದಣಾಧಿಕಾರಿಯದು. ಕರಡು ಪಟ್ಟಿ ಎಲ್ಲರ ಕಣ್ಣೆದುರು ಪ್ರಕಟವಾಗುತ್ತದೆ, ಪಕ್ಷಗಳ ಏಜೆಂಟರೂ ಅದನ್ನು ನೋಡುತ್ತಾರೆ. ಇಷ್ಟು ಕಾವಲಿರುವಾಗ ಮೂರು ವರ್ಷ ಹೆಚ್ಚಲ್ಲ. ಬೇಕಿದ್ದರೆ ಎರಡು ಅವಧಿಗಿಂತ ಹೆಚ್ಚು ಬೇಡವೆಂದು ಮಿತಿ ಹಾಕಲಿ.

ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಈಗಾಗಲೇ ಇರುವ ಹೊರೆಯನ್ನು ಬಲ್ಲೆ. ಬಿಎಲ್‌ಒಗಳ ವಾರ್ಷಿಕ ಗೌರವಧನವನ್ನು ಆಯೋಗ 2025ರಲ್ಲಿ 6,000 ರೂಪಾಯಿಯಿಂದ 12,000 ರೂಪಾಯಿಗೆ ಏರಿಸಿದೆ. ತಿಂಗಳಿಗೆ ಸಾವಿರ ರೂಪಾಯಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು, ಅಂದರೆ ಹೊಸ ಮತದಾರರಿಗೆ ಹದಿನೆಂಟು ತುಂಬಿತೇ ಎಂದು ಲೆಕ್ಕ ಹಾಕುವ ದಿನಗಳು, ಬಂದ ಮೇಲೆ ಈ ಕೆಲಸ ವರ್ಷಪೂರ್ತಿ ನಡೆಯುವಂಥದ್ದಾಗಿದೆ. ಆದ್ದರಿಂದ ಮೂರು ವರ್ಷ ಒಪ್ಪಿಕೊಂಡವರಿಗೆ ಆ ಅವಧಿಯಲ್ಲಿ ಬೇರೆ ಸಮೀಕ್ಷೆಗಳಿಂದ ವಿನಾಯಿತಿ ಕೊಡುವುದು ನ್ಯಾಯ. ಅನಾರೋಗ್ಯವೋ ಹೆರಿಗೆಯೋ ಇದ್ದವರನ್ನು ಬಲವಂತವಾಗಿ ಉಳಿಸಿಕೊಳ್ಳಬಾರದು.

ಬಿಎಲ್‌ಒ ಅವಧಿ ಇಷ್ಟೇ ಎಂದು ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲವಾದ್ದರಿಂದ ಇದಕ್ಕೆ ಕಾನೂನು ತಿದ್ದುಪಡಿಯ ಅಗತ್ಯವೂ ಇಲ್ಲ. ಪರಿಷ್ಕರಣೆ ನಡೆಯುವ ತಿಂಗಳುಗಳಲ್ಲಿ ಬಿಎಲ್‌ಒ ಬದಲಾವಣೆ ಬೇಡ, ಅನಿವಾರ್ಯವಾಗಿ ಬದಲಿಸಿದಾಗ ಹಳಬರು ಹೊಸಬರೊಂದಿಗೆ ಒಂದು ಸಲ ಓಣಿ ಓಣಿ ಸುತ್ತಿ ತಮ್ಮ ಪಟ್ಟಿಯ ಪ್ರತಿ ಒಪ್ಪಿಸಬೇಕು ಎಂಬಿಷ್ಟನ್ನು ಚುನಾವಣಾ ಆಯೋಗ ಸುತ್ತೋಲೆಯಲ್ಲಿ ಹೇಳಿದರೂ ಸಾಕು. ನನ್ನ ಪೆನ್ಸಿಲ್ ಗುರುತಿನ ಪ್ರತಿ ಇನ್ನೂ ನನ್ನ ಬಳಿಯೇ ಇದೆ. ಈಗಿರುವ ಬಿಎಲ್‌ಒ ಕೇಳಿದರೆ ನಾಳೆಯೇ ಕೊಡುತ್ತೇನೆ, ಜೊತೆಗೆ ಹೋಗಿ ಮನೆಗಳನ್ನೂ ತೋರಿಸುತ್ತೇನೆ.

ಇಂತಿ ತಮ್ಮ ಓದುಗ,
ನಿವೃತ್ತ ಶಿಕ್ಷಕ,
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ