ಆ ರಾತ್ರಿ ಕೂತಿದ್ದ ಅಣ್ಣನಿಗೆ

ಹೋದ ಸೋಮವಾರ ಮತ್ತೆ ಕೆಲಸಕ್ಕೆ ಹೋದೆ. ಎಂಟು ತಿಂಗಳ ಮೇಲೆ. ಏನಾಗಿತ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಅದನ್ನ ಮತ್ತೆ ಬರೆಯಲ್ಲ.

ದಿನಾ ಊಟದ ಡಬ್ಬಿ ಕಳಿಸಿದ ಇಂಗ್ಲೆಂಡಿನ ಈ ವುಲ್ವರ್‌ಹ್ಯಾಂಪ್ಟನ್ನಿನ ಕನ್ನಡದ ಮನೆಗಳಿಗೆ, ಮಗಳನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬಂದವರಿಗೆ, ಊರಿಂದ ಬಂದು ಈ ಚಳಿಯಲ್ಲಿ ಮೂರು ತಿಂಗಳು ನಮ್ಮ ಜೊತೆಗಿದ್ದ ಅತ್ತೆಗೆ, ಆಫೀಸಿನ ಗೆಳೆಯರಿಗೆ ತುಂಬಾ ಥ್ಯಾಂಕ್ಸ್.

ಈಗ ಅಣ್ಣನ ವಿಷಯ. ಹೆಸರು ಹಾಕಬೇಡ ಅಂದಿದ್ದಾರೆ. ಮಂಡ್ಯದವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಇಲ್ಲಿನ ಫುಟ್‌ಬಾಲ್ ತಂಡ ವುಲ್ವ್ಸ್ ಆಡುವ ಮೋಲಿನ್ಯೂ ಸ್ಟೇಡಿಯಮ್ಮಿಗೆ ಸೀಸನ್ ಟಿಕೆಟ್ ಇಟ್ಟುಕೊಂಡವರು. ನವೆಂಬರಿನ ಆ ರಾತ್ರಿ ನನ್ನ ಹೆಂಡತಿ ಮಗಳ ಜೊತೆ ಮನೆಯಲ್ಲಿ ಇರಲೇಬೇಕಿತ್ತು. ಅಣ್ಣ ಫ್ಲಾಸ್ಕ್ ಹಿಡಿದು ಆಸ್ಪತ್ರೆಗೆ ಬಂದು ನನ್ನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ನನಗೆ ನಡುಕ ನಿಲ್ಲುತ್ತಿರಲಿಲ್ಲ. ತಮ್ಮ ವುಲ್ವ್ಸ್ ಸ್ಕಾರ್ಫ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದರು.

"ಏನಾದ್ರೂ ಮಾತಾಡಿ ಅಣ್ಣ" ಅಂದೆ. ಅವರು ವುಲ್ವ್ಸ್‌ಗೆ ಕೋಚ್ ಆಗಿದ್ದ ನುನೊ ಎಸ್ಪಿರಿಟೊ ಸ್ಯಾಂಟೊ ಕಥೆ ಶುರು ಮಾಡಿದರು.

1974ರಲ್ಲಿ ಸಾವೊ ಟೊಮೆ ದ್ವೀಪದಲ್ಲಿ ಹುಟ್ಟಿದವನು, ಪೋರ್ಚುಗಲ್‌ನ ಗೋಲ್‌ಕೀಪರ್. 2004ರಲ್ಲಿ ಅವನ ಕ್ಲಬ್ ಪೋರ್ಟೊ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗ ಬೆಂಚಿನ ಮೇಲಿದ್ದ, ಗೋಲಿನಲ್ಲಿ ವಿಟೋರ್ ಬಾಯಿಯಾ. 2008ರ ಯೂರೋಗೆ ದೇಶದ ತಂಡದ ಜೊತೆ ಹೋದ. ಪೋರ್ಚುಗಲ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. "ಆದ್ರೂ ದಿನಾ ಗ್ಲೌಸ್ ಹಾಕ್ಕೊಂಡು ರೆಡಿ ಇರ್ಬೇಕು ಕಣಪ್ಪಾ" ಅಂದರು ಅಣ್ಣ.

ಆಮೇಲೆ ಯೊಕೊಹಾಮಾ. 2004ರ ಡಿಸೆಂಬರ್, ಇಂಟರ್‌ಕಾಂಟಿನೆಂಟಲ್ ಕಪ್, ಎದುರು ಕೊಲಂಬಿಯಾದ ಒನ್ಸೆ ಕಾಲ್ಡಾಸ್. "ಪಂದ್ಯ ಮುಗಿಯೋ ಹೊತ್ತಿಗೆ ಬಾಯಿಯಾ ಹೊರಗೆ ಬಂದ" ಅಂದು ಅಣ್ಣ ಸುಮ್ಮನಾದರು. ನನ್ನ ತಲೆಯ ಮೇಲಿದ್ದ ಮಾನಿಟರ್ ನೋಡಿದರು. ಯಾಕೆ ಬಂದ ಅಂತ ನಾನೇ ಕೇಳಿದೆ. ಎದೆ ಹಿಡಿದುಕೊಂಡಿತ್ತು ಅಂದರು, ಮೆಲ್ಲಗೆ. ಬೆಂಚಿನಿಂದ ಎದ್ದು ನುನೊ ಗೋಲಿಗೆ ಹೋಗಿ ನಿಂತ. ಪೆನಾಲ್ಟಿಯಲ್ಲಿ ಪೋರ್ಟೊ 8–7ಕ್ಕೆ ಗೆದ್ದಿತು.

ಎರಡು ಗಂಟೆ ಆಗಿರಬೇಕು. ನಾನು ಅಣ್ಣನ ಕೈ ಹಿಡಿದು, ಬೆಳಿಗ್ಗೆ ನೋಡ್ತೀನಾ ಅಂತ ಕೇಳಿದೆ. ಆ ಪ್ರಶ್ನೆ ಹೆಂಡತಿಗೆ ಕೇಳುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕಾರ್ಲ್ ಇಕಿಮೆ ಬಗ್ಗೆ ಹೇಳಿದರು. 2017ರಲ್ಲಿ ನುನೊ ವುಲ್ವ್ಸ್ ಕೋಚ್ ಆಗಿ ಬಂದ ಬೇಸಿಗೆಯಲ್ಲೇ ತಂಡದ ಕೀಪರ್ ಇಕಿಮೆಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಅಂತ ಗೊತ್ತಾಯಿತು. ಆ ಸೀಸನ್ ತಂಡ 99 ಪಾಯಿಂಟ್ ಗಳಿಸಿ ಇಂಗ್ಲೆಂಡಿನ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಏರಿತು. ಕಾರ್ಡಿಫ್ ಪಂದ್ಯದ ಕೊನೆಯಲ್ಲಿ ಎದುರಾಳಿಗೆ ಸಿಕ್ಕ ಎರಡು ಪೆನಾಲ್ಟಿಯೂ ಗೋಲಾಗಲಿಲ್ಲ. ಅದನ್ನು ಅಣ್ಣ ಕೈ ಮಾಡಿ ಮಾಡಿ ವರ್ಣಿಸಿದರು, ದನಿ ಮಾತ್ರ ಏರಲಿಲ್ಲ, ಪಕ್ಕದ ಮಂಚದವರು ಮಲಗಿದ್ದರು. 2018ರಲ್ಲಿ ರುಯಿ ಪ್ಯಾಟ್ರಿಸಿಯೊ ಬಂದ. ಅಂಥ ದೊಡ್ಡ ಕೀಪರ್, ಕೀಪರ್‌ಗಳು ಹಾಕುವ ಒಂದನೇ ನಂಬರ್ ಜೆರ್ಸಿ ಕೇಳಲಿಲ್ಲ. ಅದು ಇಕಿಮೆಯದು ಅಂತ 11 ಹಾಕಿಕೊಂಡ.

"ಇಕಿಮೆ ಏನಾದ?"

"ವಾಸಿ ಆದ ಕಣೋ."

ನಾನು ಅತ್ತೆ. ಅವರೂ ಅತ್ತರು. ಬೆಳಕು ಹರಿಯುವ ಹೊತ್ತಿಗೆ ನಿದ್ದೆ ಹತ್ತಿತು.

ಆಮೇಲಿನ ವಾರಗಳಲ್ಲಿ ನುನೊನ ಉಳಿದ ಕಥೆ ಕಂತುಗಳಲ್ಲಿ ಬಂತು. ವುಲ್ವ್ಸ್ ಎರಡು ಸಲ ಏಳನೇ ಸ್ಥಾನ, ಟಾಟನ್‌ಹ್ಯಾಮ್‌ನಲ್ಲಿ ನಾಲ್ಕೇ ತಿಂಗಳು, ಅಲ್ ಇತ್ತಿಹಾದ್ ಜೊತೆ 2023ರಲ್ಲಿ ಸೌದಿ ಲೀಗ್, ಕೆಳಗೆ ಬೀಳುತ್ತಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2025ರಲ್ಲಿ ಏಳನೇ ಸ್ಥಾನಕ್ಕೆ. ನನಗೆ ಮಾತ್ರ ಯೊಕೊಹಾಮಾವೇ ಜಾಸ್ತಿ ಇಷ್ಟ. ಇನ್ನೂ ಎರಡು ಸಲ ಹೇಳಿಸಿದ್ದೇನೆ.

ಅಣ್ಣ, ನಿಮ್ಮ ಸ್ಕಾರ್ಫ್ ಒಗೆದು ಮಡಚಿ ಇಟ್ಟಿದ್ದೇನೆ. ಒಂದು ಕಡೆ ಔಷಧಿ ಕಲೆ ಹೋಗಲಿಲ್ಲ. ಶನಿವಾರ ಮ್ಯಾಚಿಗೆ ಮುಂಚೆ ತಂದು ಕೊಡುತ್ತೇನೆ, ಫ್ಲಾಸ್ಕ್ ಕೂಡ. ಈ ಸಲ ನಡೆದುಕೊಂಡೇ ಬರುತ್ತೇನೆ.