ಉಸಿರಿನ ಗುರುತು

ಪ್ರಿಯ ಗೆಳೆಯ,

ಏಪ್ರಿಲ್ 24ರ ರಾತ್ರಿ ಮನೆ ಸೇರುವಾಗ ಹನ್ನೊಂದೂವರೆಯಾಗಿತ್ತು. ಮಲಗಿದರೂ ನಿದ್ದೆ ಹತ್ತಲಿಲ್ಲ. ನಮ್ಮಿಬ್ಬರ ಹಳೆಯ ಜಗಳವೊಂದು ಅವತ್ತು ನನ್ನ ಮಟ್ಟಿಗೆ ಮುಗಿಯಿತು. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಯಾವ ಜಗಳವೆಂದು ನಿನಗೆ ಗೊತ್ತೇ ಇದೆ. ಹಾಸ್ಟೆಲಿನ ತಾರಸಿಯ ಮೇಲೆ ಟೇಪ್ ರೆಕಾರ್ಡರ್ ನಡುವೆ ಇಟ್ಟುಕೊಂಡು ಎಷ್ಟು ರಾತ್ರಿ ವಾದ ಮಾಡಿದ್ದೇವೆ! ನಮ್ಮ ಅಣ್ಣಾವ್ರು ರಾಜ್‌ಕುಮಾರ್‌ಗೆ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸರ ದನಿಯೇ ಒಪ್ಪುತ್ತದೆ ಎಂದು ನೀನು. ಸ್ವಂತ ದನಿ ಅಷ್ಟು ಚೆನ್ನಾಗಿರುವಾಗ ಎರವಲು ಏಕೆ ಬೇಕಿತ್ತು ಎಂದು ನಾನು.

ಈ ಸಲ ರಾಜ್‌ಕುಮಾರ್ ಜನ್ಮದಿನಕ್ಕೆ ನಮ್ಮ ಬಡಾವಣೆಯ ಅಭಿಮಾನಿಗಳು ಗಣಪತಿ ಕೂರಿಸುವ ಮೈದಾನದಲ್ಲಿ ಗೀತನಮನ ಇಟ್ಟುಕೊಂಡಿದ್ದರು. ಆಟೋ ಚಾಲಕರು, ತರಕಾರಿ ಮಾರುವವರು, ನಿವೃತ್ತ ಮೇಷ್ಟರೊಬ್ಬರು, ಎಲ್ಲರೂ ಸೇರಿ ಎತ್ತಿದ ಚಂದಾ. ವೇದಿಕೆಯಲ್ಲಿ ಅಣ್ಣಾವ್ರ ಭಾವಚಿತ್ರದ ಪಕ್ಕದಲ್ಲೇ ಪಿ.ಬಿ.ಎಸ್. ಚಿತ್ರವನ್ನೂ ಇಟ್ಟಿದ್ದರು. ಇಬ್ಬರನ್ನೂ ನಮ್ಮಿಂದ ಕಿತ್ತುಕೊಂಡದ್ದು ಏಪ್ರಿಲ್ ತಿಂಗಳೇ ಅಲ್ಲವೇ? ಅಣ್ಣಾವ್ರನ್ನು 2006ರ ಏಪ್ರಿಲ್ 12ರಂದು, ಪಿ.ಬಿ.ಎಸ್. ಅವರನ್ನು 2013ರ ಏಪ್ರಿಲ್ 14ರಂದು. ಎರಡು ಚಿತ್ರಗಳಿಗೂ ಒಂದೇ ಉದ್ದದ ಮಲ್ಲಿಗೆ ಹಾರ ಹಾಕಿದ್ದನ್ನು ನೋಡಿದಾಗಲೇ ನೀನು ನೆನಪಾದೆ.

ಹಿಂದುಗಡೆ ಬಿಳಿಯ ಬಟ್ಟೆ ಕಟ್ಟಿ ಹಾಡಿನ ದೃಶ್ಯಗಳನ್ನು ತೋರಿಸಿದರು, ಆದರೆ ಶಬ್ದವಿಲ್ಲದೆ. ಪರದೆಯ ಮೇಲೆ ಅಣ್ಣಾವ್ರ ತುಟಿ ಚಲಿಸುತ್ತಿರುತ್ತದೆ, ಕೆಳಗೆ ನಮ್ಮವರು ಹಾಡುತ್ತಿರುತ್ತಾರೆ. ಮೊದಮೊದಲು ಎರಡೂ ಹೊಂದಲಿಲ್ಲ. ಹಾಡುವವರು ಮುಂದೆ ಓಡಿದರೆ ಪರದೆ ಹಿಂದೆ ಉಳಿಯುತ್ತಿತ್ತು. ಆಮೇಲೆ ನಮ್ಮ ಬೀದಿಯ ದರ್ಜಿ ಬಂದು ನಿಂತರು. ಅಂಗಡಿ ಮುಚ್ಚಿ ನೇರವಾಗಿ ಬಂದಿದ್ದರೇನೋ, ಬೆರಳ ತುದಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ಪುಡಿ ಹಾಗೆಯೇ ಇತ್ತು. ಕೈಯಲ್ಲಿ ಹಳೆಯ ನೋಟ್‌ಬುಕ್. 'ಕಸ್ತೂರಿ ನಿವಾಸ'ದ ಬೊಂಬೆಯ ಹಾಡನ್ನು ಎತ್ತಿಕೊಂಡರು. ಕೂಗಲಿಲ್ಲ, ಕೈ ಬೀಸಲಿಲ್ಲ. ಪಿ.ಬಿ.ಎಸ್. ಹಾಡುತ್ತಿದ್ದರಲ್ಲ, ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಹೇಳುವಂತೆ, ಹಾಗೆ. ಗೆಳೆಯ, ಆ ಕ್ಷಣಕ್ಕೆ ಪರದೆಯ ತುಟಿಯೂ ಈ ದನಿಯೂ ಒಂದಾದವು. ಶೇಂಗಾ ಸುಲಿಯುತ್ತಿದ್ದವರ ಕೈ ನಿಂತಿತು.

ನಾನು ಪರದೆಯನ್ನೇ ನೋಡುತ್ತಿದ್ದೆ. 1971ರ ಆ ಚಿತ್ರವನ್ನು ಎಷ್ಟು ಸಲ ನೋಡಿಲ್ಲ ನಾವು! ಆದರೆ ಯಾವತ್ತೂ ಮುಖವನ್ನೇ ನೋಡಿದ್ದೆವು. ಅವತ್ತು ಮೂಲ ಹಾಡು ಕಿವಿಗೆ ಬೀಳದ ಕಾರಣ ಕಣ್ಣು ಅವರ ಕೊರಳಿಗೆ ಇಳಿಯಿತು. ಸಾಲು ಶುರುವಾಗುವ ಮುನ್ನ ಎದೆ ಒಂದಿಷ್ಟು ಉಬ್ಬುತ್ತದೆ. ದನಿ ಮೇಲಕ್ಕೆ ಹೋಗುವಲ್ಲಿ ಕತ್ತಿನ ನರ ಬಿಗಿಯುತ್ತದೆ, ಇಳಿಯುವಲ್ಲಿ ಸಡಿಲವಾಗುತ್ತದೆ. ತುಟಿ ಆಡಿಸುವವರು ಹೀಗೆ ಮಾಡುವುದಿಲ್ಲ. ಇದು ಹಾಡುವವನ ದೇಹ.

ಕಾರ್ಯಕ್ರಮ ಮುಗಿದ ಮೇಲೆ ದರ್ಜಿಯ ಬಳಿ ಹೋಗಿ ಆ ನೋಟ್‌ಬುಕ್ ಕೇಳಿದೆ. ಸಾಹಿತ್ಯದ ನಡುನಡುವೆ ಕೆಂಪು ಪೆನ್ನಿನಲ್ಲಿ ಪುಟ್ಟ ಗೆರೆಗಳು. "ಇದೇನು?" ಎಂದೆ. "ಉಸಿರಿನ ಗುರುತು. ಇಲ್ಲಿ ಉಸಿರು ತೆಗೆದುಕೊಳ್ಳಬೇಕು" ಎಂದರು. ಕ್ಯಾಸೆಟ್ ಕೇಳಿ ಗುರುತು ಮಾಡಿದ್ದೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು. "ಕೇಳಿದರೆ ಗೊತ್ತಾಗುವುದಿಲ್ಲ ಸ್ವಾಮಿ, ಪಿ.ಬಿ.ಎಸ್. ಉಸಿರು ಅಷ್ಟು ಮೃದು. ಟಾಕೀಸಿನಲ್ಲಿ ಅಣ್ಣಾವ್ರ ಎದೆ ನೋಡಿ ನೋಡಿ ಗುರುತು ಮಾಡಿಕೊಂಡೆ."

ಒಬ್ಬರ ಹಾಡನ್ನು ಕಲಿಯಲು ಇನ್ನೊಬ್ಬರ ಎದೆಯನ್ನು ನೋಡಿದ ಮನುಷ್ಯ! ನಾನು ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ.

ಯೋಚಿಸಿ ನೋಡು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್, ಅಂದರೆ ನಮ್ಮ ಅಣ್ಣಾವ್ರು, ಬೆಳೆದದ್ದು ಗುಬ್ಬಿ ಕಂಪನಿಯ ರಂಗದ ಮೇಲೆ. ಕಂಪನಿ ನಾಟಕದ ನಟನಿಗೆ ಹಾಡು ಬಾರದಿದ್ದರೆ ಪಾತ್ರವೇ ಇಲ್ಲ. ಹಿನ್ನೆಲೆಯಲ್ಲಿ ನಿಂತು ಹಾಡಿಕೊಡುವವರು ಅಲ್ಲಿ ಎಲ್ಲಿದ್ದರು? ಅಂಥವರು 1954ರಲ್ಲಿ 'ಬೇಡರ ಕಣ್ಣಪ್ಪ'ನಾದ ಮೇಲೆ ಎರಡು ದಶಕ ಹೆಚ್ಚುಕಡಿಮೆ ಬೇರೆಯವರ ದನಿಗೇ ಮುಖವಾದರು. ನಡುವೆ 'ಓಹಿಲೇಶ್ವರ'ದಂಥ ಒಂದೆರಡು ಕಡೆ ಹಾಡಿದ್ದು ಬಿಟ್ಟರೆ ಕೊರಳನ್ನು ಒಳಗೇ ಇಟ್ಟುಕೊಂಡಿದ್ದರು. ಪಿ.ಬಿ.ಎಸ್. ಅವರನ್ನು ತಮ್ಮ ಶಾರೀರ, ಅಂದರೆ ಕಂಠ, ಎಂದು ಅಣ್ಣಾವ್ರೇ ಕರೆದರು. ಅದನ್ನು ನಾನು ಇಷ್ಟು ದಿನ ದೊಡ್ಡವರ ವಿನಯದ ಮಾತು ಎಂದುಕೊಂಡಿದ್ದೆ. ಅಲ್ಲ. ಪಿ.ಬಿ.ಎಸ್. ಹಾಡಿದ್ದನ್ನು ಅವರು ಕ್ಯಾಮೆರಾ ಮುಂದೆ ಪ್ರತಿ ಸಲ ತಮ್ಮ ಉಸಿರಿನಿಂದಲೇ ಇನ್ನೊಮ್ಮೆ ಹಾಡುತ್ತಿದ್ದರು.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು, ಎಮ್ಮೆಯ ಮೇಲೆ ಕುಳಿತ ಅಣ್ಣಾವ್ರ ಬಾಯಿಂದ ಅವರದೇ ದನಿ ಹೊರಟಿತು. ಅದರ ಕಥೆಯೂ ನಾಟಕಕಾರ ಧುತ್ತರಗಿಯವರ ನಾಟಕದಿಂದ ಬಂದದ್ದೇ. ರಂಗಭೂಮಿಯ ದನಿ ರಂಗಭೂಮಿಯ ಕಥೆಯಲ್ಲೇ ಮತ್ತೆ ಬಾಯಿ ತೆರೆಯಿತು ಎಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 'ಜೀವನ ಚೈತ್ರ'ದ 'ನಾದಮಯ'ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಅದನ್ನು ಅವತ್ತು ಕಾಲೇಜು ಹುಡುಗನೊಬ್ಬ ಪ್ರಯತ್ನಿಸಿದ. ಅರ್ಧಕ್ಕೆ ದನಿ ಒಡೆಯಿತು. ಜನ ಚಪ್ಪಾಳೆ ತಟ್ಟಿ ಅವನನ್ನು ದಡ ಮುಟ್ಟಿಸಿದರು. ಅಂಥ ಹಾಡಿಗೆ ಕೈ ಹಾಕಿದ ಅವನ ಧೈರ್ಯಕ್ಕೆ ನಾನೂ ಎದ್ದು ನಿಂತು ತಟ್ಟಿದೆ.

ನೋಟ್‌ಬುಕ್ಕಿನ ಒಂದು ಪುಟದ ಚಿತ್ರವನ್ನು ದರ್ಜಿಯ ಅನುಮತಿ ಕೇಳಿಯೇ ಮೊಬೈಲ್‌ನಲ್ಲಿ ತೆಗೆದು ಕಳುಹಿಸಿದ್ದೇನೆ. ಕೆಂಪು ಗೆರೆಗಳನ್ನು ನೋಡಿಕೊಂಡು ಒಮ್ಮೆ ಹಾಡಿ ನೋಡು.

ಮುಂದಿನ ಏಪ್ರಿಲ್‌ಗೆ ರಜೆ ಹಾಕಿ ಬಾ. 'ಬಬ್ರುವಾಹನ'ದಲ್ಲಿ ಅಪ್ಪ ಮಗ ಕಾದಾಡುವ ಹಾಡಿದೆಯಲ್ಲ, ತೆರೆಯ ಮೇಲೆ ಇಬ್ಬರೂ ಅಣ್ಣಾವ್ರೇ, ದನಿ ಮಾತ್ರ ಒಂದು ಪಿ.ಬಿ.ಎಸ್., ಇನ್ನೊಂದು ರಾಜ್. ನಮ್ಮಿಬ್ಬರ ಹೆಸರನ್ನು ಅದಕ್ಕೆ ಈಗಲೇ ಬರೆಸಿದ್ದೇನೆ. ಪಿ.ಬಿ.ಎಸ್. ಭಾಗ ನಾನು ಹಾಡುತ್ತೇನೆ.

ನಿನ್ನ
ಗೆಳೆಯ